ಕಕ್ಷಿದಾರನ ಈರುಳ್ಳಿ

ವಿದರ್‌ಬರ್ನ್‌ನಲ್ಲಿ ಮನೆ ಮಾರುವವರಿಗಾಗಲಿ ಕೊಳ್ಳುವವರಿಗಾಗಲಿ ವಕೀಲನನ್ನು ಆರಿಸುವ ತಲೆನೋವೇ ಇರಲಿಲ್ಲ. ಊರಿಗೆಲ್ಲ ಇದ್ದವನು ಒಬ್ಬನೇ ವಕೀಲ, ಕತ್‌ಬರ್ಟ್ ಹೆಸ್ಲಪ್. ಊರಿನ ಅರ್ಧ ಮನೆಗಳ ಪತ್ರಗಳು ಅವನ ಕಪಾಟಿನಲ್ಲಿದ್ದವು, ಇನ್ನರ್ಧ ಮನೆಗಳ ಕಥೆ ಅವನ ತಲೆಯಲ್ಲಿತ್ತು. ಯಾರ ಅಡುಗೆಮನೆಯ ಕೆಳಗೆ ಹಳೆಯ ಕಲ್ಲಿದ್ದಲು ಸುರಂಗ ಹಾದುಹೋಗಿದೆ, ಯಾರ ಅಜ್ಜ ಕುಡಿದ ಅಮಲಿನಲ್ಲಿ ಗೋಡೆಯನ್ನು ಒಂದಡಿ ಆಚೆ ಕಟ್ಟಿದ್ದ, ಎಲ್ಲ ಅವನಿಗೆ ಬಾಯಿಪಾಠ. ಹಾಗಾಗಿ ಮನೆ ಮಾರುವವರು ನೇರವಾಗಿ ಅಂಚೆ ಕಚೇರಿಯ ಪಕ್ಕದ ಹಸಿರು ಬಾಗಿಲು ತಟ್ಟುತ್ತಿದ್ದರು. ವಿಲ್ಫ್ ಟ್ವೆಡಲ್ ಒಬ್ಬ ಮಾತ್ರ ಆ ಬಾಗಿಲು ತಟ್ಟಲಾರೆನೆಂದು ಹಟ ಹಿಡಿದು ಕೂತಿದ್ದ. ಕಾರಣ ಈರುಳ್ಳಿ.

ಸಾರಿಗೆ ಹೆಚ್ಚುವ ಈರುಳ್ಳಿಯಲ್ಲ. ಸೆಪ್ಟೆಂಬರ್ ತಿಂಗಳ ಎರಡನೆಯ ಶನಿವಾರ ಗಣಿ ಕಾರ್ಮಿಕರ ಕ್ಲಬ್ಬಿನ ಮೇಜಿನ ಮೇಲೆ ಸಾಲಾಗಿ ಕೂರುವ, ಕುಂಬಳಕಾಯಿ ಗಾತ್ರದ, ಹೆತ್ತ ಮಕ್ಕಳಿಗಿಂತ ಹೆಚ್ಚು ಮುದ್ದು ಮಾಡಿಸಿಕೊಂಡ ಈರುಳ್ಳಿ. ಗಣಿ ಮುಚ್ಚಿ ಎಷ್ಟೋ ಕಾಲವಾಗಿತ್ತು. ಕ್ಲಬ್ಬಿನಲ್ಲಿ ಗಣಿಗೆ ಇಳಿದವರು ಬೆರಳೆಣಿಕೆಯಷ್ಟು ಮಂದಿ ಉಳಿದಿದ್ದರು. ಈರುಳ್ಳಿ ಮಾತ್ರ ವರ್ಷದಿಂದ ವರ್ಷಕ್ಕೆ ದಪ್ಪವಾಗುತ್ತಲೇ ಇತ್ತು. ಮೊದಲ ಬಹುಮಾನದ ಬೆಳ್ಳಿ ಬಟ್ಟಲು ಒಂಬತ್ತು ವರ್ಷದಿಂದ ಹೆಸ್ಲಪ್‌ನ ಕಚೇರಿಯ ಕಿಟಕಿಯಲ್ಲಿ ಕೂತು ಬೀದಿಯಲ್ಲಿ ಹೋಗುವವರನ್ನು ಅಣಕಿಸುತ್ತಿತ್ತು. ಆ ಒಂಬತ್ತು ವರ್ಷವೂ ಎರಡನೆಯ ಬಹುಮಾನ ವಿಲ್ಫ್‌ನ ಪಾಲಿಗೆ ಬಂದಿತ್ತು. ಅವನು ಹಾಲು ತರಲು ಹೋಗುವಾಗ ಸುತ್ತುಬಳಸಿ ಹೋಗುತ್ತಿದ್ದ, ಆ ಕಿಟಕಿ ಕಣ್ಣಿಗೆ ಬೀಳದಿರಲಿ ಎಂದು.

ಈ ಈರುಳ್ಳಿ ಮೇಳಕ್ಕೆ ಇದ್ದದ್ದು ಒಂದೇ ನಿಯಮ, ಅದು ಕಟ್ಟುನಿಟ್ಟು. ಒಬ್ಬನಿಗೆ ಒಂದೇ ಪಾತಿ, ಒಂದು ಪಾತಿಗೆ ಒಬ್ಬನದೇ ಕೈ. ಹಿಂದೊಮ್ಮೆ ಒಬ್ಬ ರಜೆಗೆಂದು ಸ್ಪೇನಿಗೆ ಹೋಗುವಾಗ ತನ್ನ ಪಾತಿಗೆ ನೀರು ಹಾಕಲು ಭಾಮೈದನಿಗೆ ಹೇಳಿ ಹೋಗಿದ್ದ. ಭಾಮೈದನೂ ಮೇಳಕ್ಕೆ ಬೆಳೆಯುವವನೇ. ಇಬ್ಬರನ್ನೂ ಹೊರಗೆ ಹಾಕಿದರು. ಆ ಮನೆಯವರು ಇವತ್ತಿಗೂ ಕ್ಲಬ್ಬಿನ ಕಡೆ ತಲೆಹಾಕಿ ಮಲಗುವುದಿಲ್ಲ.

ಇಂಥ ಊರಿನಲ್ಲಿ ಮೇವಿಸ್‌ಳ ಮೊಣಕಾಲುಗಳು ಮುಷ್ಕರ ಹೂಡಿದ್ದವು. ಮೇವಿಸ್ ಎಂದರೆ ವಿಲ್ಫ್‌ನ ಹೆಂಡತಿ. ಮಲಗುವ ಕೋಣೆ ಮಹಡಿಯ ಮೇಲೆ. ಬೆಳಿಗ್ಗೆ ಆಕೆ ಮೆಟ್ಟಿಲನ್ನು ಕೂತುಕೊಂಡೇ ಇಳಿಯುತ್ತಿದ್ದಳು, ಒಂದೊಂದು ಮೆಟ್ಟಿಲಿಗೂ ಗಂಡನ ವಂಶದ ಒಬ್ಬೊಬ್ಬರನ್ನು ಹೆಸರು ಹಿಡಿದು ನೆನೆಯುತ್ತ. ಚಾಪೆಲ್ ಬೀದಿಯಲ್ಲಿ ಆಲಿವ್ ಡಾಡ್ಸ್ ಎಂಬ ವಿಧವೆಯ ಮನೆ ಮಾರಾಟಕ್ಕಿತ್ತು. ಮಹಡಿ ಇಲ್ಲ, ಮೆಟ್ಟಿಲಿಲ್ಲ, ಹೊಸ್ತಿಲೂ ಇದ್ದೂ ಇಲ್ಲದಷ್ಟು. ಮೇವಿಸ್ ನೋಡಿದಳು, ಒಪ್ಪಿದಳು. ಇವರ ಮನೆಯನ್ನು ಕೊಳ್ಳಲು ಇಬ್ಬರು ಚಿಕ್ಕ ಮಕ್ಕಳಿದ್ದ ದಂಪತಿ ಮುಂದೆ ಬಂದರು. ಎಲ್ಲ ಕೂಡಿಬಂದಿತ್ತು, ವಕೀಲನೊಬ್ಬನನ್ನು ಬಿಟ್ಟು.

ವಿಲ್ಫ್‌ನ ಸಂಕಟ ಸಣ್ಣದಾಗಿರಲಿಲ್ಲ. ಕಾನೂನಿನ ಪ್ರಕಾರ ನೆಲದಲ್ಲಿ ಬೇರೂರಿದ್ದು ನೆಲದ ಜೊತೆಗೇ ಹೋಗುತ್ತದೆ. ಮನೆ ಬಿಡಬೇಕಾದದ್ದು ಆಗಸ್ಟಿನಲ್ಲಿ, ಮೇಳ ಸೆಪ್ಟೆಂಬರಿನಲ್ಲಿ. ಕೊಳ್ಳುವವರು ಆ ಪಾತಿ ಇರುವ ಜಾಗದಲ್ಲೇ ಮಕ್ಕಳು ಕುಣಿಯುವ ಟ್ರ್ಯಾಂಪೊಲಿನ್ ಇಡುತ್ತೇವೆ ಎಂದು ನಗುನಗುತ್ತ ಹೇಳಿ ಹೋಗಿದ್ದರು. ಆ ರಾತ್ರಿ ವಿಲ್ಫ್ ಊಟ ಮಾಡಲಿಲ್ಲ. ಮೇಳದ ತನಕ ಪಾತಿ ಉಳಿಯಬೇಕಾದರೆ ಕರಾರಿನಲ್ಲಿ ಬರೆಸಬೇಕು, ಬರೆಸಬೇಕಾದರೆ ವಕೀಲನಿಗೆ ಹಿತ್ತಲು ತೋರಿಸಬೇಕು. ಇದ್ದ ಒಬ್ಬ ವಕೀಲನಿಗೆ ಆ ಹಿತ್ತಲು ತೋರಿಸುವುದಕ್ಕಿಂತ ತನ್ನ ಅಪೆಂಡಿಕ್ಸ್ ತೋರಿಸುವುದು ವಿಲ್ಫ್‌ಗೆ ಸುಲಭವಾಗಿತ್ತು.

ಹೊರಗಿನ ವಕೀಲರನ್ನು ಹಿಡಿಯೋಣವೆಂದು ಅವನು ದಕ್ಷಿಣದ ಯಾವುದೋ ದೊಡ್ಡ ಊರಿನ ಕಂಪನಿಯೊಂದಕ್ಕೆ ಫೋನು ಹಚ್ಚಿದ. ಬಹಳ ಹೊತ್ತು ಪಿಟೀಲು ಕೇಳಿಸಿದ ಮೇಲೆ ಕೆಯ್ಲಾ ಎಂಬ ಹುಡುಗಿ ಸಿಕ್ಕಿದಳು.

"ತರಕಾರಿ ತಾನೇ ಸರ್? ಕಿತ್ತು ಕುಂಡಕ್ಕೆ ಹಾಕ್ಕೊಂಡು ಹೋಗಿ."

"ಕಿತ್ತು?"

"ಹ್ಞೂಂ ಸರ್. ಇಲ್ಲಾಂದ್ರೆ ಅಂಗಡೀಲಿ ಸಿಗುತ್ತಲ್ಲ."

ವಿಲ್ಫ್ ಫೋನನ್ನು ಮೆಲ್ಲಗೆ ಕೆಳಗಿಟ್ಟು ಹಿತ್ತಲಿಗೆ ಹೋದ. ಈರುಳ್ಳಿಗಳಿಗೆ ಕೇಳಿಸಲಿಲ್ಲ ತಾನೇ ಎಂಬಂತೆ ಅವುಗಳ ಮುಂದೆ ಸ್ವಲ್ಪ ಹೊತ್ತು ನಿಂತುಕೊಂಡ.

ಹೀಗೆ ವಾರಗಳು ಉರುಳಿ ಜೂನ್ ಬಂತು. ಒಂದು ದಿನ ಮೇವಿಸ್ ಕೊನೆಯ ಮೆಟ್ಟಿಲ ಮೇಲೆ ಕೂತು ಅಲ್ಲಿಂದ ಏಳಲೇ ಇಲ್ಲ.

"ಆಲಿವ್ ಸಿಕ್ಕಿದ್ಲು. ಶುಕ್ರವಾರದೊಳಗೆ ನಿಮ್ಮ ವಕೀಲರು ಯಾರು ಅಂತ ಹೇಳದಿದ್ರೆ ಮನೆ ಬೇರೆಯವರಿಗಂತೆ."

"ನೋಡ್ತಾ ಇದೀನಲ್ಲ ಮೇವಿಸ್."

"ಏನು ನೋಡ್ತಿದೀಯ? ಈರುಳ್ಳೀನಾ? ನಲವತ್ತು ವರ್ಷದಿಂದ ಅದನ್ನೇ ನೋಡ್ತಿದೀಯ. ನನ್ನ ಕಾಲು ನೋಡು ಒಂದ್ಸಲ. ಇವೂ ಊದಿವೆ, ನಿನ್ನ ಈರುಳ್ಳಿ ಥರಾನೇ. ಇವಕ್ಕೂ ಒಂದು ಕಪ್ ಕೊಡಿಸು."

"ಕತ್‌ಬರ್ಟ್ ಹತ್ರ ಹೋದ್ರೆ ನನ್ನ ಗುಟ್ಟೆಲ್ಲ..."

"ನಿನ್ನ ಗುಟ್ಟು ಮೂಸಿದ್ರೇ ಗೊತ್ತಾಗುತ್ತೆ ಕಣೋ, ಬಸ್‌ಸ್ಟಾಪಿನ ತನಕ ನಾತ. ಹೋಗ್ತೀಯೋ, ಇಲ್ಲೇ ಕೂತ್ಕೊಂಡು ಅಳಲೋ?"

ಮೇವಿಸ್ ಅಳುವವಳಲ್ಲ. ಆ ಮಾತು ಅವಳ ಬಾಯಿಂದ ಬಂದದ್ದು ಇದೇ ಮೊದಲು. ಅವನು ಟೋಪಿ ಹಾಕಿಕೊಂಡು ಹೊರಟ.

ಹೆಸ್ಲಪ್ ಮತ್ತು ವಿಲ್ಫ್ ಒಂದೇ ಶಾಲೆಯಲ್ಲಿ, ಒಂದೇ ಬೆಂಚಿನಲ್ಲಿ ಕೂತು ಒದೆ ತಿಂದವರು. ಹೆಸ್ಲಪ್ ಬಾಗಿಲು ತೆರೆದು ಕಣ್ಣರಳಿಸಿದ.

"ಏನಯ್ಯಾ ವಿಲ್ಫ್, ದಾರಿ ತಪ್ಪಿ ಬಂದ್ಯಾ? ಕಪ್ ನೋಡೋಕೆ ಬಂದ್ಯಾ?"

"ಮನೆ ಮಾರ್ಬೇಕು."

ಅಷ್ಟೇ, ಹೆಸ್ಲಪ್‌ನ ಮುಖದಿಂದ ನಗು ಅಳಿಸಿಹೋಯಿತು. ಕುರ್ಚಿಗೆ ಹೋಗಿ ಕೂತ, ಟೈ ಸರಿಮಾಡಿಕೊಂಡ, ಕನ್ನಡಕ ಏರಿಸಿದ.

"ಹೇಳಿ ಟ್ವೆಡಲ್ ಅವರೇ. ನನ್ನಿಂದ ನಿಮಗೇನಾಗಬೇಕು?"

ಇನ್ಯಾವ ಟ್ವೆಡಲ್ ಒಳಗೆ ಬಂದನೋ ಎಂದು ವಿಲ್ಫ್ ಹಿಂತಿರುಗಿ ನೋಡಿದ. ಹೆಸ್ಲಪ್ ಇದ್ದದ್ದೇ ಹಾಗೆ. ನಿಯಮವೆಂದರೆ ಅವನಿಗೆ ಒಂದು ಬಗೆಯ ಕಾಯಿಲೆ. ಒಮ್ಮೆ ತನ್ನ ಕಾರಿನ ಚಕ್ರ ನಿಲುಗಡೆ ನಿಷೇಧದ ಹಳದಿ ಗೆರೆಯನ್ನು ಸ್ವಲ್ಪ ತುಳಿದಿತ್ತೆಂದು ತಾನೇ ಪೊಲೀಸ್ ಠಾಣೆಗೆ ಹೋಗಿ ಒಪ್ಪಿಕೊಂಡಿದ್ದ, ಪೊಲೀಸರು ಬೇಡ ಬೇಡವೆಂದರೂ ದಂಡ ಹಾಕಿಸಿಕೊಂಡೇ ಬಂದಿದ್ದ.

"ಮೊದಲೇ ಹೇಳಿಬಿಡ್ತೀನಿ," ಎಂದ ಹೆಸ್ಲಪ್. "ಈ ಕುರ್ಚೀಲಿ ಕೂತು ನೀವು ಏನು ಹೇಳಿದ್ರೂ ಅದು ನನ್ನ ಹೆಂಡತಿ ಕಿವಿಗೂ ಬೀಳಲ್ಲ. ಹೊರಗೆ ಹೇಳೋ ಹಾಗಿಲ್ಲ, ಅಷ್ಟೇ ಅಲ್ಲ, ನನ್ನ ಸ್ವಂತ ಲಾಭಕ್ಕೆ ಬಳಸೋ ಹಾಗೂ ಇಲ್ಲ. ಸಾಯೋ ತನಕ."

"ಬಳಸೋ ಹಾಗೂ ಇಲ್ವಾ?"

"ಎಳ್ಳಷ್ಟೂ ಇಲ್ಲ."

ವಿಲ್ಫ್‌ನ ತಲೆ ಓಡುವುದು ನಿಧಾನ. ಗಣಿಯಲ್ಲಿದ್ದಾಗಲೂ ಅವನು ಜೋಕಿಗೆ ಮರುದಿನ ನಗುತ್ತಿದ್ದವನು. ಆದರೆ ಆ ಹೊತ್ತಿಗೆ ಅವನ ತಲೆಯೊಳಗೆ ದೀಪ ಹತ್ತಿದ್ದು ಹೊರಗಿನವರಿಗೂ ಕಾಣುವ ಹಾಗಿತ್ತು. ಅವನು ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡ.

"ಹಾಗಾದ್ರೆ ಹಿತ್ತಲಿಂದ ಶುರು ಮಾಡ್ತೀನಿ. ನನ್ನ ಪಾತಿಗೆ ಕುರಿ ಉಣ್ಣೆ ನೆನೆಸಿದ ನೀರು ಹಾಕ್ತೀನಿ."

ಹೆಸ್ಲಪ್‌ನ ಪೆನ್ನು ನಿಂತಿತು. "ಟ್ವೆಡಲ್ ಅವರೇ, ಮನೆ ಮಾರೋದಕ್ಕೆ ಇದು ಬೇಕಾಗಿಲ್ಲ."

"ಹಿತ್ತಲು ಮನೆಗೆ ಸೇರಿದ್ದು ತಾನೇ? ಆಮೇಲೆ ಚಿಮಣಿ ಮಸಿ. ಚಾಪೆಲ್ ಚರ್ಚಿಂದೇ ಆಗ್ಬೇಕು."

"ಸಾಕು. ದಯವಿಟ್ಟು."

"ಹಳಸಿದ ಕಪ್ಪು ಬಿಯರ್, ವಾರಕ್ಕೆ ಒಂದು ಪಿಂಟ್. ಮೇವಿಸ್‌ಳ ಹಳೆ ಉದ್ದ ಕಾಲುಚೀಲದಲ್ಲಿ ಕತ್ತು ಕಟ್ಟಿ ಎತ್ತಿ ನಿಲ್ಲಿಸ್ತೀನಿ."

ಹೆಸ್ಲಪ್ ಕಣ್ಣು ಮುಚ್ಚಿಕೊಂಡ. ಇದನ್ನೆಲ್ಲ ಅವನೂ ಮಾಡುತ್ತಿದ್ದ, ಊರಿನ ಪ್ರತಿಯೊಬ್ಬನೂ ಮಾಡುತ್ತಿದ್ದ. ಎಲ್ಲರಿಗೂ ಅವರವರ ಅಜ್ಜಂದಿರು ಕಿವಿಯಲ್ಲಿ ಹೇಳಿ ಸತ್ತಿದ್ದು ಇದೇ ಗುಟ್ಟು. ಬೇರೆ ವಕೀಲನಾಗಿದ್ದರೆ ಇದು ನನಗೆ ಮೊದಲೇ ಗೊತ್ತಿತ್ತು ಎಂದು ನಕ್ಕು ಮುಂದೆ ಹೋಗುತ್ತಿದ್ದ. ಮೊದಲೇ ಗೊತ್ತಿತ್ತು ಅನ್ನುವವರೆಲ್ಲ ಕಳ್ಳರು ಎಂದು ನಂಬಿದ್ದವನು ಹೆಸ್ಲಪ್.

"ಬೆಳಿಗ್ಗೆ ಸಂಜೆ ನೀರು ಹಾಕ್ತೀನಿ," ಎಂದ ವಿಲ್ಫ್.

"ನೀರು ಹಾಕೋದೂ ಗುಟ್ಟಾ?" ವಕೀಲನ ದನಿ ಬಹಳ ಸಣ್ಣದಾಗಿತ್ತು.

"ನನ್ನ ಮಟ್ಟಿಗೆ ಗುಟ್ಟೇ. ಮಧ್ಯಾಹ್ನ ಬಿಸಿಲಲ್ಲಿ ಮಾತ್ರ ಯಾವತ್ತೂ ಹಾಕಲ್ಲ, ಎಲೆ ಸುಟ್ಟುಹೋಗುತ್ತೆ. ಅದೂ ಗುಟ್ಟು."

ಹೊರಗೆ ಬಂದಾಗ ವಿಲ್ಫ್‌ನ ಕಾಲು ನೆಲದ ಮೇಲಿರಲಿಲ್ಲ. ಒಂಬತ್ತು ವರ್ಷದಲ್ಲಿ ಮೊದಲ ಬಾರಿಗೆ ಆ ಕಿಟಕಿಯ ಮುಂದೆ ನಿಂತು ಬೆಳ್ಳಿ ಬಟ್ಟಲನ್ನು ಕಣ್ತುಂಬ ನೋಡಿದ.

ಆ ಬೇಸಿಗೆಯಲ್ಲಿ ಮೋಡಗಳು ಊರಿನ ದಾರಿ ಮರೆತಿದ್ದವು. ಎಲ್ಲರೂ ಬೆಳಿಗ್ಗೆ ಸಂಜೆ ನೀರಿನ ಕ್ಯಾನು ಹಿಡಿದು ಓಡಾಡುತ್ತಿದ್ದರೆ ಹೆಸ್ಲಪ್ ಒಬ್ಬ ಕೈಕಟ್ಟಿ ಕೂತಿರುತ್ತಿದ್ದ. ಮಧ್ಯಾಹ್ನ ಸೂರ್ಯ ನೆತ್ತಿಗೆ ಬಂದಾಗ ಕೋಟು ಟೈ ಸಮೇತ ಹಿತ್ತಲಿಗೆ ಬಂದು ಸುಡುವ ಬಿಸಿಲಿನಲ್ಲಿ ಪಾತಿಗೆ ನೀರು ಹೊಯ್ಯುತ್ತಿದ್ದ. ಮಧ್ಯಾಹ್ನ ಹಾಕದೇ ಬಿಟ್ಟರೆ ಕಕ್ಷಿದಾರನ ಗುಟ್ಟನ್ನು ಸ್ವಂತಕ್ಕೆ ಬಳಸಿದಂತಾಗುತ್ತದಲ್ಲ! ಹೀಗೂ ಲೆಕ್ಕ ಹಾಕುವ ತಲೆ ಭೂಮಿಯ ಮೇಲೆ ಇನ್ನೊಂದು ಇರಲಾರದು. ಎಲೆಗಳು ಹಳದಿಗಟ್ಟಿದವು, ತುದಿ ಮುರುಟಿಕೊಂಡವು. ಹೆಸ್ಲಪ್‌ನ ಮೂಗು ಕೆಂಪಾಗಿ ಸಿಪ್ಪೆ ಸುಲಿಯಿತು. ವಕೀಲನಿಗೆ ಬಿಸಿಲು ತಲೆಗೆ ಹತ್ತಿದೆ ಎಂದು ಕ್ಲಬ್ಬಿನಲ್ಲಿ ಮಾತಾಡಿಕೊಂಡರು. ವಿಲ್ಫ್ ಬಿಯರಿನ ಲೋಟದೊಳಕ್ಕೆ ಮುಖ ಹುದುಗಿಸಿ ನಕ್ಕ.

ಅತ್ತ ಮನೆ ಮಾರಾಟದ ಕೆಲಸ ಮಾತ್ರ ಹೂವು ಎತ್ತಿದಷ್ಟು ಸಲೀಸಾಗಿ ಸಾಗಿತ್ತು. ಮನೆಯ ಕೆಳಗೆ ಸುರಂಗವಿದೆಯೆಂದು ಕೊಳ್ಳುವವರ ಬ್ಯಾಂಕು ತಕರಾರು ತೆಗೆಯಿತು. ಆ ಸುರಂಗ ಬೀದಿಯ ಆಚೆ ಬದಿಗೆ ತಿರುಗುತ್ತದೆ ಎಂದು ಹೆಸ್ಲಪ್ ಹಳೆಯ ನಕ್ಷೆ ತೆಗೆದು ತೋರಿಸಿ ಬಾಯಿ ಮುಚ್ಚಿಸಿದ. ಆಗಸ್ಟ್ ಮೊದಲ ವಾರದಲ್ಲಿ ಸಹಿಗೆಂದು ವಿಲ್ಫ್ ಮತ್ತು ಮೇವಿಸ್‌ರನ್ನು ಕರೆಸಿದ.

"ಟ್ರ್ಯಾಂಪೊಲಿನ್ ಮೇಳ ಮುಗಿಯೋ ತನಕ ಬರಲ್ಲ," ಎಂದ. "ಅಲ್ಲಿವರೆಗೂ ನೀವು ದಿನಾ ಹೋಗಿ ಪಾತಿ ನೋಡ್ಕೋಬಹುದು. ಕರಾರಲ್ಲಿ ಬರೆದಾಗಿದೆ."

"ಅವರು ಒಪ್ಪಿದ್ರಾ?" ವಿಲ್ಫ್‌ಗೆ ನಂಬಿಕೆ ಬರಲಿಲ್ಲ.

"ಅವರ ಪರವೂರಿನ ವಕೀಲರಿಂದ ಒಪ್ಪಿಗೆ ತಗೊಂಡು ನಾನೇ ಅವರ ಮನೆಗೆ ನಾಲ್ಕು ಸಲ ಹೋದೆ. ಬಹಳ ಕೆಟ್ಟ ಟೀ ಮಾಡ್ತಾರೆ."

"ಇಷ್ಟೆಲ್ಲ ಯಾಕೆ..." ವಿಲ್ಫ್ ತೊದಲಿದ.

ಹೆಸ್ಲಪ್ ಕನ್ನಡಕದ ಮೇಲಿಂದ ನೋಡಿದ. ಮೂಗಿನ ಸಿಪ್ಪೆ ಗಾಳಿಗೆ ಅಲುಗಾಡುತ್ತಿತ್ತು. "ಅದು ನನ್ನ ಕಕ್ಷಿದಾರನ ಈರುಳ್ಳಿ. ಅದಕ್ಕೆ ಏನೂ ಆಗಬಾರದು."

ವಿಲ್ಫ್‌ಗೆ ಕುರ್ಚಿ ಮುಳ್ಳಾಯಿತು. ಆಮೇಲೆ ಹೆಸ್ಲಪ್ ಹೇಳಿದ್ದೊಂದೂ ಅವನ ತಲೆಗೆ ಹೋಗಲಿಲ್ಲ.

"ಮಿಸೆಸ್ ಡಾಡ್ಸ್ ಮನೆ ಕರಾರಿನಲ್ಲೂ ಅವರ ಕಡೆಯಿಂದ ಒಂದು ಶರತ್ತಿದೆ, ನಿಮ್ಮದರ ಥರದ್ದೇ. ವಿವರವಾಗಿ ಹೇಳ್ತೀನಿ, ಕೇಳಿಸ್ಕೊಳ್ಳಿ."

"ಆಯ್ತು ಆಯ್ತು. ಎಲ್ಲಿ ಸೈನ್ ಮಾಡ್ಬೇಕು?"

"ಕೇಳಿಸ್ಕೊಳ್ಳದೆ ಸೈನ್ ಮಾಡ್ಬಾರ್ದು."

"ಮೇವಿಸ್ ಕೇಳಿಸ್ಕೊಳ್ತಿದಾಳೆ. ನಮ್ಮನೇಲಿ ಒಬ್ಬರು ಕೇಳಿಸ್ಕೊಂಡ್ರೆ ಸಾಕು."

ಹೆಸ್ಲಪ್ ಆ ಶರತ್ತನ್ನು ನಿಧಾನವಾಗಿ, ಎರಡೆರಡು ಸಲ ಓದಿ ಹೇಳಿದ. ಮೇವಿಸ್ ತಲೆಯಾಡಿಸಿದಳು. ವಿಲ್ಫ್ ಆ ಸಿಪ್ಪೆಯನ್ನೇ ನೋಡುತ್ತ ಸಹಿ ಹಾಕಿದ.

ಮನೆಗೆ ಬಂದು ಅವನು ಹೆಂಡತಿಯ ಮುಂದೆ ಎಲ್ಲ ಒಪ್ಪಿಕೊಂಡುಬಿಟ್ಟ. ಮೇವಿಸ್ ಹ್ಯಾಮ್ ಸ್ಯಾಂಡ್‌ವಿಚ್ ತಟ್ಟೆಯನ್ನು ಅವನ ಮುಂದಿನಿಂದ ಎತ್ತಿಕೊಂಡಳು.

"ಥೂ ನಿನ್ನ! ಆ ಮನುಷ್ಯ ನಿನಗೋಸ್ಕರ ಕೆಟ್ಟ ಟೀ ಕುಡ್ಕೊಂಡು ಓಡಾಡ್ತಿದಾನೆ. ನೀನು ಅವನ ಈರುಳ್ಳಿ ಸುಡಿಸ್ತಾ ಇದೀಯಲ್ಲೋ."

"ನಿಯಮ ಅವನದು, ನಂದಲ್ಲ."

"ಬಾಯಿ ಮುಚ್ಚು. ಹೋಗಿ ಅವನನ್ನ ಆ ಮಾತಿಂದ ಬಿಡಿಸಿ ಬಾ."

ವಿಲ್ಫ್ ತಿರುಗಿ ಹೋಗಿ, ಗುಟ್ಟನ್ನೆಲ್ಲ ಬಳಸಿಕೋ ಕತ್‌ಬರ್ಟ್, ನನ್ನದೇನೂ ಅಡ್ಡಿಯಿಲ್ಲ ಎಂದ. ಹೆಸ್ಲಪ್ ಗಂಭೀರವಾಗಿ ತಲೆಯಲ್ಲಾಡಿಸಿದ. ಹಾಗೆಲ್ಲ ಬಾಯಿಮಾತಿಗೆ ಆಗುವುದಿಲ್ಲವಂತೆ. ಇದರಿಂದ ಲಾಭ ತನಗೇ ಆಗುವುದರಿಂದ ಟ್ವೆಡಲ್ ಅವರು ಮೊದಲು ಬೇರೊಬ್ಬ ವಕೀಲರ ಸಲಹೆ ಪಡೆಯಬೇಕಂತೆ. ವಿಲ್ಫ್ ಮತ್ತೆ ದಕ್ಷಿಣಕ್ಕೆ ಫೋನು ಹಚ್ಚಿ ಮತ್ತೆ ಪಿಟೀಲು ಕೇಳಿದ.

"ಅಂದ್ರೆ ಸರ್," ಎಂದಳು ಕೆಯ್ಲಾ, "ನಿಮ್ಮ ವಕೀಲರು ಅವರ ಈರುಳ್ಳಿಗೆ ಅವರೇ ನೀರು ಹಾಕೋಕೆ ನೀವು ಪರ್ಮಿಷನ್ ಕೊಡ್ಬೇಕು. ಕೊಡ್ಬಹುದಾ ಅಂತ ನಾವು ನಿಮಗೆ ಹೇಳ್ಬೇಕು."

"ಅದೇ."

"ಇಂಥದ್ದಕ್ಕೆ ನಮ್ಮಲ್ಲಿ ವಿಭಾಗ ಇಲ್ಲ ಸರ್. ಮೇಲಿನವರನ್ನ ಕೇಳಿ ಅಕ್ಟೋಬರಿನಲ್ಲಿ ತಿಳಿಸ್ತೀವಿ."

ಅಕ್ಟೋಬರ್ ಹೊತ್ತಿಗೆ ಹೆಸ್ಲಪ್‌ನ ಈರುಳ್ಳಿ ಗೊಬ್ಬರವಾಗಿರುತ್ತಿತ್ತು. ವಿಲ್ಫ್ ಗೋಡೆಯಾಚೆಯಿಂದ ಇಣುಕಿ ನೋಡಿದ. ಈರುಳ್ಳಿಯನ್ನು ಪ್ರೀತಿಸುವವನಿಗೆ ಅದು ಯಾರ ಈರುಳ್ಳಿಯಾದರೇನು? ಬತ್ತಿ ಬೆಂಡಾಗಿ ನಿಂತಿದ್ದ ಆ ಗಿಡಗಳನ್ನು ಕಂಡು ಅವನಿಗೆ ನಿಜಕ್ಕೂ ಅಳು ಬಂತು. ಮೇಳದ ನಿಯಮ ಅವನಿಗೆ ಗೊತ್ತಿತ್ತು. ಸಿಕ್ಕಿಬಿದ್ದರೆ ಸ್ಪೇನಿನವನ ಗತಿಯೇ. ಗೊತ್ತಿದ್ದೂ ಮಾರನೆಯ ಬೆಳಿಗ್ಗೆ ಕ್ಯಾನು ಹಿಡಿದು ಹೆಸ್ಲಪ್‌ನ ಹಿತ್ತಲಿಗೆ ನುಗ್ಗಿದ. ಬೇರು ನೆನೆಯುವ ಹಾಗೆ ನೀರು ಹಾಕಿದ, ಉಣ್ಣೆ ನೀರು ಹಾಕಿದ, ಮಸಿ ಹಾಕಿದ. ಮಧ್ಯಾಹ್ನದ ಸ್ನಾನದಿಂದ ಎಲೆ ಉಳಿಯಲೆಂದು ಮೇವಿಸ್‌ಳ ಹಳೆಯ ಪರದೆಯನ್ನು ಚಪ್ಪರ ಕಟ್ಟಿದ. ಹೆಸ್ಲಪ್ ಅಡುಗೆಮನೆಯ ಕಿಟಕಿಗೆ ಬೆನ್ನು ಹಾಕಿ ನಿಂತು ಬಹಳ ಗಟ್ಟಿಯಾಗಿ ಪೇಪರ್ ಓದುತ್ತಿದ್ದ.

ಆಗಸ್ಟ್ ಮಧ್ಯದಲ್ಲಿ ಟ್ವೆಡಲ್ ದಂಪತಿ ಚಾಪೆಲ್ ಬೀದಿಯ ಮನೆಗೆ ಹೋದರು. ಮೊದಲ ದಿನ ಮೇವಿಸ್ ಹಾಸಿಗೆಯಿಂದ ಎದ್ದು ನಡೆದುಕೊಂಡೇ ಅಡುಗೆಮನೆಗೆ ಬಂದಳು. ಯಾರ ವಂಶವನ್ನೂ ಬಯ್ಯಲಿಲ್ಲ. ವಿಲ್ಫ್‌ಗೆ ಆ ಮೌನ ವಿಚಿತ್ರವೆನಿಸಿತು, ಹಿತವೂ ಎನಿಸಿತು.

ಆದರೆ ಅವನಿಗೆ ಹೊಸ ಮನೆ ನೋಡಲು ಪುರುಸೊತ್ತೆಲ್ಲಿ? ಬೆಳಗಾದರೆ ಹಳೆಯ ಮನೆಯ ಹಿತ್ತಲು, ಅಲ್ಲಿಂದ ಹೆಸ್ಲಪ್‌ನ ಹಿತ್ತಲು, ಸಂಜೆ ಮತ್ತೆ ಅದೇ ಯಾತ್ರೆ. ಅವನು ಕ್ಯಾನು ಹಿಡಿದು ಗೇಟು ದಾಟುವ ಹೊತ್ತಿಗೆ ಸರಿಯಾಗಿ ಆಲಿವ್ ಡಾಡ್ಸ್ ತನ್ನ ಕ್ಯಾನು ಹಿಡಿದು ಒಳಗೆ ಬರುತ್ತಿದ್ದಳು. ಬಸ್ ನಿಲ್ದಾಣದ ಹತ್ತಿರ ಮಗಳ ಮನೆಯಲ್ಲಿದ್ದಳು ಆಕೆ.

"ಬಿಸಿಲು ಜೋರು, ಟ್ವೆಡಲ್ ಅವರೇ," ಎನ್ನುತ್ತಿದ್ದಳು.

"ಜೋರು ಮಿಸೆಸ್ ಡಾಡ್ಸ್," ಎನ್ನುತ್ತಿದ್ದ ವಿಲ್ಫ್.

ಪಾಪ, ಹಳೆಯ ಮನೆ ಬಿಡಲಾರದೆ ಗುಲಾಬಿಗೆ ನೀರು ಹಾಕಲು ಬರುತ್ತಾಳೆ ಎಂದುಕೊಂಡ. ಮನೆಯ ಹಿಂದೆ ಏನಿದೆಯೆಂದು ಒಮ್ಮೆಯೂ ತಿರುಗಿ ನೋಡಲಿಲ್ಲ. ಹೀಗೆ ಆ ಒಂದು ತಿಂಗಳು ವಿದರ್‌ಬರ್ನ್‌ನಲ್ಲಿ ಕ್ಯಾನು ಹಿಡಿದವರೆಲ್ಲ ಬೇರೆಯವರ ಹಿತ್ತಲಿನಲ್ಲಿದ್ದರು.

ಸೆಪ್ಟೆಂಬರಿನ ಆ ಶನಿವಾರ ಬಂತು. ಕ್ಲಬ್ಬಿನ ತುಂಬ ಬಿಯರಿನ, ಮಣ್ಣಿನ, ಈರುಳ್ಳಿಯ ವಾಸನೆ. ಬೇರೆ ಊರಿನಿಂದ ಬಂದ ತೀರ್ಪುಗಾರ ಮೇಜಿನ ಸುತ್ತ ಬಗ್ಗಿ ಬಗ್ಗಿ ನೋಡಿದ, ತೂಗಿದ, ಬೆರಳಿನಿಂದ ತಟ್ಟಿ ಕಿವಿಗೊಟ್ಟ. ಹೆಸ್ಲಪ್‌ನ ಈರುಳ್ಳಿಗಳು ಸತ್ತು ಬದುಕಿದವುಗಳ ಹಾಗೆ ಕಾಣಲಿಲ್ಲ. ಚಿನ್ನದ ಬಣ್ಣ ಬಂದು ಮಿರಮಿರ ಮಿಂಚುತ್ತಿದ್ದವು. ಮೊದಲ ಬಹುಮಾನ ಹೆಸ್ಲಪ್. ಎರಡನೆಯದು ಟ್ವೆಡಲ್.

ವಿಲ್ಫ್‌ಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ತನ್ನ ಕೈಯಾರೆ ನೀರು ಹಾಕಿ ತನ್ನನ್ನೇ ಸೋಲಿಸಿಕೊಂಡವನು ಈ ಜಿಲ್ಲೆಯಲ್ಲಿ ತಾನೊಬ್ಬನೇ ಇರಬೇಕು ಎಂದುಕೊಂಡು ಚಪ್ಪಾಳೆ ತಟ್ಟಿದ. ಅಷ್ಟರಲ್ಲಿ ಹೆಸ್ಲಪ್ ಟೈ ಸರಿಮಾಡಿಕೊಂಡು ಎದ್ದು ನಿಂತ.

"ಈ ಬಹುಮಾನ ನನಗೆ ಸಲ್ಲೋ ಹಾಗಿಲ್ಲ," ಎಂದ. "ಒಂದು ತಿಂಗಳಿಂದ ನನ್ನ ಪಾತಿಗೆ ಬೆಳಿಗ್ಗೆ ಸಂಜೆ ನೀರು ಹಾಕಿದ್ದು ನಾನಲ್ಲ."

ಬಿಯರಿನ ಲೋಟಗಳೆಲ್ಲ ಮೇಜಿಗಿಳಿದವು.

"ಮತ್ತೆ ಯಾರು?" ಎಂದ ತೀರ್ಪುಗಾರ.

"ಹೇಳಲಾರೆ. ಕಕ್ಷಿದಾರರ ಗುಟ್ಟು."

ತೀರ್ಪುಗಾರ ಒಂದು ಗಳಿಗೆ ಯೋಚಿಸಿ ಹೆಸ್ಲಪ್‌ನ ಚೀಟಿ ತೆಗೆದ. ಬೆಳ್ಳಿ ಬಟ್ಟಲನ್ನು ಎತ್ತಿಕೊಂಡು ನೇರ ವಿಲ್ಫ್‌ನ ಮುಂದೆ ಬಂದು ನಿಂತ. ಎಲ್ಲರೂ ಹೋ ಎಂದರು. ಯಾರೋ ಬೆನ್ನು ತಟ್ಟಿದರು. ಬಟ್ಟಲು ಮೂಗಿನ ಅಡಿಯಲ್ಲೇ ಇತ್ತು, ಅದರಲ್ಲಿ ತನ್ನ ಮುಖ ಅಗಲವಾಗಿ ಕಾಣುತ್ತಿತ್ತು. ಸುಮ್ಮನಿದ್ದರೆ ಸಾಕಾಗಿತ್ತು. ಹೆಸ್ಲಪ್ ಸಾಯುವ ತನಕ ಬಾಯಿ ಬಿಡುವವನಲ್ಲ, ಬಿಡುವಂತೆಯೂ ಇಲ್ಲ. ವಿಲ್ಫ್ ಎರಡು ಕೈ ಚಾಚಿದ. ಬೆಳ್ಳಿ ತಣ್ಣಗೆ ತಾಗಿತು. ಅವನು ಹೆಸ್ಲಪ್‌ನ ಕಡೆ ನೋಡಿದ. ಹೆಸ್ಲಪ್ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟುತ್ತಿದ್ದ, ಸಿಪ್ಪೆ ಸುಲಿದ ಮೂಗು ಇನ್ನೂ ಕೆಂಪಾಗಿಯೇ ಇತ್ತು.

"ನಾನೇ," ಎಂದ ವಿಲ್ಫ್.

"ಏನು ನೀವೇ?"

"ನೀರು ಹಾಕಿದ್ದು ನಾನೇ. ಮಸಿ, ಬಿಯರ್, ಎಲ್ಲ ನಂದೇ. ತಗೋ ನಿನ್ನ ಕಪ್, ಬೇಗ ತಗೋ ಮಾರಾಯ, ನನ್ನ ಮನಸ್ಸು ಬದಲಾಗೋದರೊಳಗೆ."

ಒಬ್ಬನಿಗೆ ಒಂದೇ ಪಾತಿ. ವಿಲ್ಫ್‌ನ ಚೀಟಿಯನ್ನೂ ತೆಗೆದರು. ಅವನಿಗೆ ಬೇಸಿಗೆಯೆಲ್ಲ ಹೊತ್ತಿದ್ದ ಮೂಟೆ ಇಳಿಸಿದ ಹಾಗಾಯಿತು. ಮೇವಿಸ್ ಕೂತಲ್ಲಿಂದ ಎದ್ದು, ಎಲ್ಲೂ ಏನನ್ನೂ ಹಿಡಿದುಕೊಳ್ಳದೆ ನಡೆದು ಬಂದು ಅವನ ತೋಳು ಹಿಡಿದಳು. ಈಗ ಮೂರನೆಯ ಬಹುಮಾನದ ಚೀಟಿ ಓದಿದರು. ಹಾಗಾಗಿ ಅದೇ ಮೊದಲನೆಯದು.

"ಮಿಸೆಸ್ ಆಲಿವ್ ಡಾಡ್ಸ್."

ವರ್ಷವರ್ಷವೂ ಮೇಳದಲ್ಲಿ ಹಣ್ಣಿನ ಜಾಮ್ ಮಾರುವ ಮೇಜಿನ ಹಿಂದೆ ಕೂರುತ್ತಿದ್ದ ಆ ಹೆಂಗಸು ಕೈಚೀಲ ಹಿಡಿದು ಮುಂದೆ ಬಂದಳು. "ಅಯ್ಯೋ, ಸೂಪಿಗೆ ಅಂತ ಬೆಳೀತಿದ್ದೆ," ಎಂದಳು. "ಮನೆ ಮಾರೋ ವರ್ಷ ಅಲ್ವಾ, ಒಂದ್ಸಲ ನೋಡೋಣ ಅಂತ ತಂದೆ."

"ಎಲ್ಲಿ ಬೆಳೆದಿದ್ದು?" ಎಂದ ತೀರ್ಪುಗಾರ.

"ಚಾಪೆಲ್ ಬೀದೀಲಿ. ಹಿಂದಿನ ಹಿತ್ತಲಲ್ಲಿ."

"ಅದು ನನ್ನ ಹಿತ್ತಲು!" ವಿಲ್ಫ್ ಕೂಗಿದ.

"ಮೇಳದ ತನಕ ಪಾತಿ ಅವರದು," ಎಂದ ಹೆಸ್ಲಪ್. "ಶರತ್ತು ಇತ್ತು. ಎರಡು ಸಲ ಓದಿ ಹೇಳಿದ್ದೆ."

"ನಾನು ಕೇಳಿಸ್ಕೊಂಡಿದ್ದೆ," ಎಂದಳು ಮೇವಿಸ್.

"ಮತ್ತೆ ನನಗ್ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ಅದಕ್ಕೂ ಹೋಗಿ ನೀರು ಹಾಕ್ತಿದ್ದೆ."

ಆಲಿವ್ ಡಾಡ್ಸ್ ಬಟ್ಟಲನ್ನು ಕೈಚೀಲಕ್ಕೆ ತುರುಕಿಕೊಂಡು ಹೊರಡುವಾಗ ವಿಲ್ಫ್‌ನ ಹತ್ತಿರ ನಿಂತಳು. ಇನ್ನು ಮಣ್ಣು ನಿಮ್ಮದೇ ಎಂದಳು. ಆಮೇಲೆ ತುದಿಗಾಲಲ್ಲಿ ನಿಂತು ಅವನ ಕಿವಿಯಲ್ಲಿ ಏನೋ ಹೇಳಿದಳು. ವಿಲ್ಫ್‌ನ ಬಾಯಿ ತೆರೆದದ್ದು ಮುಚ್ಚಲು ಬಹಳ ಹೊತ್ತು ಹಿಡಿಯಿತು.

ಮಾರನೆಯ ದಿನ ಭಾನುವಾರ. ವಿಲ್ಫ್ ಮೊದಲ ಬಾರಿಗೆ ತನ್ನ ಹೊಸ ಮನೆಯ ಹಿತ್ತಲಿಗೆ ಹೋಗಿ ಖಾಲಿ ಪಾತಿಯ ಮುಂದೆ ಮೊಣಕಾಲೂರಿದ. ಒಂದು ಹಿಡಿ ಮಣ್ಣು ಎತ್ತಿ ಮೂಸಿದ. ಗೋಡೆಯ ಮೇಲೆ ಕೆಂಪು ಮೂಗೊಂದು ಕಾಣಿಸಿಕೊಂಡಿತು.

"ಏನೋ ವಿಲ್ಫ್," ಎಂದ ಹೆಸ್ಲಪ್, "ಆ ಆಲಿವ್ ಈ ಮಣ್ಣಿಗೆ ಏನು ಹಾಕ್ತಿದ್ಲಂತೆ?"

ವಿಲ್ಫ್ ತಲೆ ಎತ್ತಿದ. "ಈಗ ನೀನು ನನ್ನ ವಕೀಲನೋ, ಬರೀ ಕತ್‌ಬರ್ಟೋ?"

ಹೆಸ್ಲಪ್ ಯೋಚಿಸಿದ. ಸುಳ್ಳು ಹೇಳುವುದು ಅವನಿಂದ ಆಗದ ಕೆಲಸ. "ಮನೆ ಕೆಲಸ ಮುಗೀತು. ಈಗ ಬರೀ ಕತ್‌ಬರ್ಟ್."

"ಹಾಗಾದ್ರೆ ಹೇಳಲ್ಲ," ಎಂದ ವಿಲ್ಫ್. "ಟೀ ಕುಡಿಯೋ ಹಾಗಿದ್ರೆ ಒಳಗೆ ಬಾ. ಮೆಟ್ಟಿಲಿಲ್ಲ, ಎಡವಲ್ಲ."